ವೇದಿಕೆ ಮೇಲಿನ ಕಮೋಡು

ನೈರೋಬಿಯ ಸೌತ್ ಬಿ ಬಡಾವಣೆಯ ಒಂದು ಕಟ್ಟಡದಲ್ಲಿ, ವೇದಿಕೆಯ ಮೇಲೆ, ಒಂದು ಕಮೋಡು ಇದೆ. ಅದಕ್ಕೆ ನೀರಿಲ್ಲ. ಪೈಪಿಲ್ಲ. ಕೆಳಗೆ ಗುಂಡಿಯಿಲ್ಲ. ಹಲಗೆಗೆ ಬೋಲ್ಟ್ ಹೊಡೆದು ಕೂರಿಸಿದ್ದಾರೆ, ಸಭೆಯ ಅಧ್ಯಕ್ಷರ ಕುರ್ಚಿಯ ಹಾಗೆ. ನಾನು ಅಲ್ಲಿ ಕೆಲಸ ಮಾಡಿದಷ್ಟು ದಿನ ಅದರೊಳಗೆ ಒಂದು ತೊಟ್ಟು ಉಚ್ಚೆ ಬಿದ್ದಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅದನ್ನು ತಿಕ್ಕಿ ಫಳಫಳ ಮಾಡುವುದು ನನ್ನ ಕೆಲಸವಾಗಿತ್ತು.

ನನ್ನ ಹೆಸರು ಕಮಲಾಕ್ಷಿ. ಮೈಸೂರಿನ ಗಾಂಧಿನಗರದವಳು. ಗಾಂಧಿನಗರ ಅಂದಮೇಲೆ ಮೈಸೂರಿನ ಮಂದಿ ಮತ್ತೆ ಜಾತಿ ಕೇಳುವ ಕಷ್ಟ ತೆಗೆದುಕೊಳ್ಳುವುದಿಲ್ಲ. ನಮ್ಮವ್ವ ಪೌರಕಾರ್ಮಿಕಳು. ಅವಳ ಅವ್ವ ತಲೆ ಮೇಲೆ ಹೊತ್ತವಳು. ಏನು ಹೊತ್ತಳು ಅಂತ ಬಿಡಿಸಿ ಹೇಳಬೇಕಾ? ಊರಿನ ಹೇಲು. ನಾನು ಮಾತ್ರ ವಿಮಾನ ಹತ್ತಿ, ಕಡಲು ದಾಟಿ, ನೈರೋಬಿಗೆ ಬಂದು ಕಕ್ಕಸು ತೊಳೆದೆ. ನಮ್ಮ ವಂಶದಲ್ಲಿ ಇಷ್ಟು ಮುಂದುವರಿದವರು ಬೇರೆ ಯಾರೂ ಇಲ್ಲ.

ಕರೆತಂದವರು ಶೇಷಾದ್ರಿ ಸಾರ್ ಮತ್ತು ಅವರ ಹೆಂಡತಿ ಮೃಣಾಲಿನಿ ಮೇಡಂ. ಅವರೂ ಮೈಸೂರಿನವರೇ. ಸಾರ್‌ಗೆ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ, ಲಂಗಾಟಾದಲ್ಲಿ ಮನೆ. ಮಗಳು ನಿಹಾರಿಕಾ ಕೂಸಾಗಿದ್ದಾಗ ಕನ್ನಡ ಮಾತಾಡುವ ಆಯಾ ಬೇಕು ಅಂತ ನನ್ನನ್ನು ತರಿಸಿದರು. ಕೂಸು ಬೆಳೆಯಿತು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಬೈಯುವಷ್ಟು ದೊಡ್ಡದಾಯಿತು. ಆಮೇಲೆ ಮೇಡಂ ಹಗಲು ಹೊತ್ತು ನನ್ನನ್ನು ತಮ್ಮ ಸೆಂಟರಿಗೆ ಕರೆದೊಯ್ಯತೊಡಗಿದರು. ನನ್ನ ಪಾಸ್‌ಪೋರ್ಟು ಅವರ ಬೀರುವಿನಲ್ಲಿ. "ಸೇಫ್ ಆಗಿರ್ಲಿ ಅಂತ ಅಷ್ಟೇ, ಕಮಲಾ."

ಲಂಗಾಟಾದ ಮನೆಯಲ್ಲಿ ಕೋಣೆಗೊಂದು ಕಕ್ಕಸು. ಎಲ್ಲವನ್ನೂ ತೊಳೆಯುವವಳು ನಾನು. ಕೂರುವ ಹಾಗಿಲ್ಲ. ನನಗೆ ಕಾಂಪೌಂಡಿನ ಮೂಲೆಯಲ್ಲಿ ಆಳುಗಳ ಕೋಣೆ, ಅದರ ಪಕ್ಕ ತಗಡಿನ ಬಾಗಿಲಿನ ಇನ್ನೊಂದು ಕಕ್ಕಸು. ಬಂದ ಹೊಸದರಲ್ಲೇ ಮೇಡಂ ಮೆತ್ತಗೆ ಹೇಳಿದ್ದರು: "ಜಾತಿ ಗೀತಿ ಎಲ್ಲಾ ನಾವು ನಂಬಲ್ಲ ಕಮಲಾ. ಇದು ಜಸ್ಟ್ ಹೈಜೀನ್." ಹೈಜೀನ್ ಅಂದರೆ ಜಾತಿಗೆ ಇಟ್ಟ ಸ್ಕೂಲ್ ಹೆಸರು ಅಂತ ನನಗೆ ಆಗ ಗೊತ್ತಿರಲಿಲ್ಲ. ಸರಿ ಮೇಡಂ ಅಂದಿದ್ದೆ.

ಇನ್ನು ಸೆಂಟರಿನ ವಿಷಯ. ಅದನ್ನು ನಡೆಸುವುದು ಯುರೋಪಿನ ಒಂದು ಚಳಿ ದೇಶ. ಹೆಸರು ಬೇಡ, ಅವರ ಮನಸ್ಸು ಬೇಗ ನೋಯುತ್ತದೆ. ಯುದ್ಧಕ್ಕೆ ಹೆದರಿ ಓಡಿಬಂದವರು ನೈರೋಬಿಯಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ಒಂದು ಹಿಡಿ ಜನರನ್ನು ಆರಿಸಿ ಆ ದೇಶ ಕರೆಸಿಕೊಳ್ಳುತ್ತದೆ, ಮದುವೆಮನೆಯ ಕೊನೆ ಪಂಕ್ತಿಗೆ ಪಾಯಸ ಬಡಿಸಿದ ಹಾಗೆ. ಆಯ್ಕೆಯಾದವರಿಗೆ ಹೊರಡುವ ಮೊದಲು ಮೃಣಾಲಿನಿ ಮೇಡಂ ಪಾಠ ಹೇಳುತ್ತಾರೆ. ವಿಮಾನದಲ್ಲಿ ಬೆಲ್ಟು ಕಟ್ಟುವುದು ಹೇಗೆ. ಫೋರ್ಕು ಯಾವ ಕೈಯಲ್ಲಿ. ಮುಚ್ಚಿದ ಬಾಗಿಲನ್ನು ತಟ್ಟಿ ಕಾಯಬೇಕು. ಸಾಲಿನಲ್ಲಿ ನಿಲ್ಲಬೇಕು, ಅಲ್ಲಿ ಮಂತ್ರಿಯೂ ಸಾಲಿನಲ್ಲೇ ನಿಲ್ಲುತ್ತಾನೆ. ವಾರಗಟ್ಟಲೆ ನಡೆಯುವ ಈ ಪಾಠವನ್ನು ಒಂದು ಗಂಟೆಯೂ ತಪ್ಪಿಸದೆ ಕೇಳಿದವರಿಗೆ ಮಾತ್ರ ವಿಮಾನ.

ಆಮೇಲೆ ಕಮೋಡಿನ ಪಾಠ. "ಕಮಲಾ, ಶೋ ದೆಮ್" ಅನ್ನುತ್ತಿದ್ದರು ಮೇಡಂ. ನಾನು ವೇದಿಕೆ ಹತ್ತಿ, ಚೂಡಿದಾರದ ಸಮೇತ ಆ ಒಣ ಕಮೋಡಿನ ಮೇಲೆ ಕೂರಬೇಕು. ಮೇಡಂ ಕೋಲು ಹಿಡಿದು ನನ್ನ ಕಾಲು ತೋರಿಸುವರು. "ಪಾದ ಕೆಳಗೆ. ಸೀಟಿನ ಮೇಲಲ್ಲ." ಕೋಲು ಮೇಲೆ ಬರುವುದು. "ಬೆನ್ನು ನೇರ." ನಾನು ಕಾಗದ ಹರಿದು, ಗಾಳಿಯಲ್ಲಿ ಒರೆಸಿ, ನೀರಿಲ್ಲದ ಗುಂಡಿ ಒತ್ತಬೇಕು. ಮೇಡಂ ಬಾಯಲ್ಲೇ "ಷ್ಷೂ" ಅಂತ ನೀರು ಬಿಡುವರು. ಜನ ಚಪ್ಪಾಳೆ ತಟ್ಟುವರು. ಎದ್ದು ಬಂದು ನಾನು ಅವರಿಗೆಲ್ಲ ಚಹಾ ಕೊಡಬೇಕು. ಕುಂಡಿ ನೋಡಿದ ಕಣ್ಣುಗಳೇ ಚಹಾದ ಲೋಟ ತೆಗೆದುಕೊಳ್ಳುವಾಗ ನನ್ನ ಮುಖ ನೋಡುತ್ತಿದ್ದವು. ನೆಲ ಬಾಯಿಬಿಡಬಾರದಾ ಅನ್ನಿಸುತ್ತಿತ್ತು.

ಒಬ್ಬಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಫುರಾಹಾ. ಕಾಂಗೋದ ಬುಕಾವು ಊರಿನವಳು. ನೈರೋಬಿಯ ಕಯೋಲೆ ಬಡಾವಣೆಯ ಒಂದು ಸಲೂನಿನಲ್ಲಿ ದಿನವಿಡೀ ನಿಂತು ಹೆಂಗಸರ ಜಡೆ ಹೆಣೆಯುತ್ತಿದ್ದಳು. ಐದಾರು ತಿಂಗಳ ಬಸುರಿ. ಗಂಡ ಬಾರಾಕಾನೂ ಅದೇ ಕ್ಲಾಸಿನಲ್ಲಿದ್ದ. ಅವಳು ಚಹಾ ತೆಗೆದುಕೊಳ್ಳುತ್ತಾ ಸ್ವಾಹಿಲಿಯಲ್ಲಿ ಕೇಳಿದಳು, "ನೀನೂ ಆ ದೇಶಕ್ಕೆ ಹೋಗ್ತೀಯಾ?"

"ಇಲ್ಲವ್ವ. ನಾನು ಕೂತು ತೋರಿಸೋಳು."

"ಆ ಹೆಂಗಸು ಯಾಕೆ ಕೂರಲ್ಲ?"

ಅದುವರೆಗೆ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಇಬ್ಬರೂ ಕಿಸಕ್ಕನೆ ನಕ್ಕೆವು. ಅಲ್ಲಿಂದ ನಮ್ಮ ಗೆಳೆತನ ಶುರುವಾಯಿತು. ನನ್ನ ಸ್ವಾಹಿಲಿ ತರಕಾರಿ ಕೊಳ್ಳಲು ಸಾಕಾಗುವಷ್ಟು, ಅವಳಿಗೆ ಕನ್ನಡ ಸೊನ್ನೆ. ಬೈಗುಳ ಮಾತ್ರ ಒಬ್ಬರದೊಬ್ಬರು ಬೇಗ ಕಲಿತೆವು.

ಸೆಂಟರಿನಲ್ಲಿ ನಿಜವಾದ ಕಕ್ಕಸು ಇತ್ತು. ಕಾರಿಡಾರಿನ ಕೊನೆಯಲ್ಲಿ. ನೀರು ಬರುತ್ತಿತ್ತು, ಬಿಳಿ ಟೈಲ್ಸು, ಗುಲಾಬಿ ವಾಸನೆಯ ಡಬ್ಬಿ. ಬಾಗಿಲಿಗೆ 'ಸ್ಟಾಫ್ ಓನ್ಲಿ' ಅಂತ ಬೋರ್ಡು, ಕೆಳಗೆ ಬೀಗ. ಪಾಠ ಕೇಳಲು ಬಂದವರು ಅಲ್ಲಿಗೆ ಹೋಗುವಂತಿಲ್ಲ. ಕಮೋಡಿನ ಮೇಲೆ ಕೂರುವುದು ಹೇಗೆ ಅಂತ ಬೆಳಿಗ್ಗೆಯಿಂದ ಸಂಜೆಯವರೆಗೆ ಕಲಿಯುವವರಿಗೆ ಉಚ್ಚೆ ಬಂದರೆ ಹೆದ್ದಾರಿ ದಾಟಿ ಪೆಟ್ರೋಲ್ ಬಂಕಿಗೆ ಹೋಗಬೇಕು. ಹೋದರೆ ಪಾಠ ತಪ್ಪುತ್ತದೆ. ಪಾಠ ತಪ್ಪಿದರೆ ವಿಮಾನ ತಪ್ಪುತ್ತದೆ. ಗಂಡಸರಿಗೇನು, ಹಿಂದುಗಡೆ ಗೋಡೆ ಇದೆ. 'ಇಲ್ಲಿ ಉಚ್ಚೆ ಹೊಯ್ಯಬೇಡಿ' ಅಂತ ಬರೆದ ಗೋಡೆಗಳೆಲ್ಲ ಈ ಊರಿನಲ್ಲಿ ಅವರದ್ದೇ. ಹೆಂಗಸರು ತೊಡೆ ಬಿಗಿದು ಕೂರುತ್ತಿದ್ದರು.

ಬೀಗದ ಕೀಲಿ ನನ್ನ ಕೊರಳಲ್ಲಿತ್ತು, ದಾರಕ್ಕೆ ಕಟ್ಟಿ. ತೊಳೆಯುವವಳು ನಾನಲ್ಲವೇ? ಕುಡಿದು ಸತ್ತ ಗಂಡನ ತಾಳಿ ಇದ್ದ ಜಾಗದಲ್ಲಿ ಕಕ್ಕಸಿನ ಕೀಲಿ. ಎರಡೂ ನನಗೆ ಕೊಟ್ಟದ್ದು ಒಂದೇ ಕೆಲಸ. ಆ ಕಕ್ಕಸಿಗೆ ನಾನೂ ಹೋಗುವ ಹಾಗಿರಲಿಲ್ಲ. ಸ್ಟಾಫ್ ಅಂದರೆ ನಾನಲ್ಲ.

ಫುರಾಹಾ ಒಂದು ದಿನ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದಳು. ಮುಖ ಬೂದಿಯಾಗಿತ್ತು. "ಉರಿ" ಅಂದಳು. "ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ." ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದನಂತೆ: ನೀರು ಜಾಸ್ತಿ ಕುಡಿ, ಉಚ್ಚೆ ತಡೆಯಬೇಡ, ತಡೆದರೆ ಸೋಂಕು ಮೇಲೇರುತ್ತದೆ. ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕುಡಿದರೆ ಹೋಗಬೇಕಲ್ಲ.

ವಿಮಾನ ಹತ್ತುವ ಮುಂಚೆ ಇನ್ನೊಂದು ಪರೀಕ್ಷೆ ಇತ್ತು, ಮೈ ಪರೀಕ್ಷೆ. ಜ್ವರ ಇದ್ದರೆ ಹತ್ತಿಸುವುದಿಲ್ಲ. ಈ ವಿಮಾನ ತಪ್ಪಿದರೆ ಹೊಟ್ಟೆ ದೊಡ್ಡದಾಯಿತು ಅಂತ ಮುಂದಿನದಕ್ಕೂ ಹತ್ತಿಸುವುದಿಲ್ಲ. ಅಷ್ಟರಲ್ಲಿ ಮಗು ಹುಟ್ಟುತ್ತದೆ. ಹುಟ್ಟಿದ ಮಗುವಿಗೆ ಹೊಸ ಫೈಲು, ಹೊಸ ವಿಚಾರಣೆ, ಇಡೀ ಮನೆಗೆ ಸಾಲಿನ ಕೊನೆಯ ಜಾಗ. ಅಷ್ಟು ವರ್ಷ ಕಾದದ್ದೆಲ್ಲ ಮಣ್ಣುಪಾಲು. "ಅಮ್ಮ ಉಚ್ಚೆ ತಡೆಯಲಾರದ್ದಕ್ಕೆ ನಿನಗೆ ದೇಶ ಇಲ್ಲ ಅಂತ ಮಗುವಿಗೆ ಹೇಳ್ಲಾ?" ಅಂತ ಫುರಾಹಾ ಕೇಳಿದಳು.

ಮೇಡಂ ಹತ್ತಿರ ಹೋದೆ. "ಮೇಡಂ, ಆ ಬಸುರಿ ಹುಡುಗಿಗೆ ಒಬ್ಬಳಿಗೆ ಬಾಗಿಲು ತೆಗೀಲಾ? ಹುಷಾರಿಲ್ಲ ಪಾಪ."

"ಅಯ್ಯೋ, ನಂಗೂ ತುಂಬಾ ಬೇಜಾರು ಕಮಲಾ. ಬಟ್ ಒಬ್ಬರಿಗೆ ಕೊಟ್ರೆ ಎಲ್ಲಾರಿಗೂ ಕೊಡ್ಬೇಕಾಗುತ್ತೆ. ಇವ್ರೆಲ್ಲ ಕ್ಯಾಂಪಿಂದ ಬಂದೋರು. ಸೀಟ್ ಮೇಲೆ ಹತ್ತಿ ಕೂತ್ಬಿಡ್ತಾರೆ. ಯಾರು ಕ್ಲೀನ್ ಮಾಡ್ತಾರೆ ಹೇಳು?"

ನಾನು, ಮತ್ಯಾರು? ಆ ಸ್ಟಾಫಿನ ಕಕ್ಕಸನ್ನು ಅಷ್ಟು ದಿನ ತೊಳೆದಿದ್ದೇನೆ. ಯಾರು ನೀರು ಬಿಡುತ್ತಾರೆ, ಯಾರು ಬಿಡದೆ ಫೋನು ನೋಡುತ್ತಾ ಎದ್ದು ಬರುತ್ತಾರೆ, ಯಾವ ಎಂ.ಎ. ಪಾಸಾದವರ ಕುಂಡಿ ಎತ್ತ ಗುರಿಯಿಡುತ್ತದೆ, ಎಲ್ಲ ನನಗೆ ಗೊತ್ತು. ಹೇಳಲಿಲ್ಲ. ಬೀರುವಿನಲ್ಲಿದ್ದ ಪಾಸ್‌ಪೋರ್ಟು ನೆನಪಾಯಿತು.

ಆದರೂ ಚಹಾ ಹೊತ್ತಿನಲ್ಲಿ ಫುರಾಹಾಳನ್ನು ಕದ್ದು ಒಳಗೆ ಬಿಟ್ಟೆ. ಅವಳು ಹೊರಗೆ ಬಂದಾಗ ಕಣ್ಣಲ್ಲಿ ನೀರು. "ಅಸಾಂಟೆ ಸಾನಾ" ಅಂದಳು, ತುಂಬಾ ಉಪಕಾರ ಅಂತ. ಸ್ವಲ್ಪ ಹೊತ್ತಿಗೆ ಮೇಡಂ ಒಳಗೆ ಹೋದರು. ಬಂದವರೇ ನನ್ನನ್ನು ಕರೆದರು.

"ಸೀಟ್ ಬೆಚ್ಚಗಿದೆ. ಯಾರು ಹೋಗಿದ್ರು?"

ಫುರಾಹಾ ಅಂತ ಹೇಳಿದರೆ ಅವಳ ಹೆಸರಿನ ಮುಂದೆ ಏನಾದರೂ ಗೀಚಿಬಿಡುತ್ತಾರೆ. "ನಾನೇ ಮೇಡಂ" ಅಂದೆ.

ಮೇಡಂ ಮುಖ ನೋಡಬೇಕಿತ್ತು. ನಿರಾಶ್ರಿತೆ ಹೋಗಿದ್ದಳು ಅಂದಿದ್ದರೆ ಬರೀ ಸಿಟ್ಟು ಬರುತ್ತಿತ್ತೇನೋ. ನಾನು ಅಂದದ್ದಕ್ಕೆ ಕೈ ಒರೆಸಿಕೊಂಡರು. ತೊಡೆಯನ್ನೂ ಒರೆಸಿಕೊಂಡರು, ಸೀರೆಯ ಮೇಲಿಂದಲೇ. "ನೀನಾ? ಕಮಲಾ! ನಿಂಗೆ ಮನೇಲಿ ಬೇರೆ ಇಲ್ವಾ? ಬೆಳಿಗ್ಗೆ ಮುಗಿಸ್ಕೊಂಡು ಬರಕ್ಕಾಗಲ್ವಾ?" ಬ್ಲೀಚಿನ ಬಾಟಲಿ ತಂದು ಕೊಟ್ಟರು. ಬಾಗಿಲಲ್ಲಿ ನಿಂತು ತೊಳೆಸಿದರು. ಕೈಗವಸು ಹುಡುಕಲು ಬಿಡಲಿಲ್ಲ. ಒಂದು ಸಲ ತೊಳೆದೆ, ಇನ್ನೊಂದು ಸಲ ಅಂದರು. ಬೆರಳ ಸಂದಿ ಸುಲಿಯಿತು. ಕಣ್ಣು ಉರಿಯಿತು. ಫುರಾಹಾ ಕಾರಿಡಾರಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ಇನ್ನೊಂದ್ಸಲ ಹೀಗಾದ್ರೆ ಫಸ್ಟ್ ಫ್ಲೈಟ್‌ಗೆ ಮೈಸೂರು" ಅಂದರು ಮೇಡಂ. ಕಾವಲುಗಾರ ಒಟಿಯೆನೊನ ಕುರ್ಚಿಯನ್ನು ಕಕ್ಕಸಿನ ಬಾಗಿಲ ಎದುರಿಗೆ ಹಾಕಿಸಿದರು. ಅಲ್ಲಿಂದ ಮುಂದೆ ಆ ಬಾಗಿಲು ಬ್ಯಾಂಕಿನ ತಿಜೋರಿಯಾಯಿತು. ಫುರಾಹಾ ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು.

ಪಾಠ ಮುಗಿಯುವ ವಾರದಲ್ಲಿ ಆ ಚಳಿ ದೇಶದಿಂದ ತನಿಖೆಗೆ ಮಂದಿ ಬಂದರು. ಸಿಗ್ರಿಡ್ ಅಂತ ಒಬ್ಬ ಉದ್ದನೆಯ ಮೇಡಂ, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಗಂಡಸು. ಮೃಣಾಲಿನಿ ಮೇಡಂ ರೇಷ್ಮೆ ಸೀರೆ ಉಟ್ಟಿದ್ದರು. ಮನೆಯಿಂದ ಫ್ಲಾಸ್ಕುಗಟ್ಟಲೆ ಫಿಲ್ಟರ್ ಕಾಫಿ ತಂದಿದ್ದರು. ಸಿಗ್ರಿಡ್ ಒಂದು ಲೋಟ ಕುಡಿದು "ಅಮೇಜಿಂಗ್" ಅಂದಳು, ಇನ್ನೊಂದು ಕುಡಿದಳು, ಮತ್ತೊಂದಕ್ಕೆ ಲೋಟ ಚಾಚಿದಳು. ಆಮೇಲೆ ಬಾಟಲಿ ನೀರು. ನಾನು ನೋಡುತ್ತಲೇ ಇದ್ದೆ. ಇವಳಿಗೆ ಇದೆ ಇವತ್ತು ಅಂದುಕೊಂಡೆ.

ಮನುಷ್ಯರ ಘನತೆಯ ಬಗ್ಗೆ ಭಾಷಣವಾಯಿತು. ಉದ್ದಕ್ಕಾಯಿತು. ಆಮೇಲೆ ಕಮೋಡಿನ ಪಾಠ. ನಾನು ದುಪಟ್ಟಾ ಸೊಂಟಕ್ಕೆ ಬಿಗಿದು ಎದ್ದೆ.

"ಇವತ್ತು ನೀನು ಬೇಡ ಕಮಲಾ" ಅಂದರು ಮೇಡಂ. "ಫುರಾಹಾ ಕೂರ್ಲಿ. ಪ್ರೆಗ್ನೆಂಟ್, ಫೋಟೋಗೆ ಪವರ್‌ಫುಲ್ ಆಗಿರುತ್ತೆ."

ಫುರಾಹಾ ನಿಧಾನ ವೇದಿಕೆ ಹತ್ತಿದಳು. ಜ್ವರ ಇತ್ತು, ನನಗೆ ಗೊತ್ತು, ಬೆಳಿಗ್ಗೆ ಕೈ ಮುಟ್ಟಿ ನೋಡಿದ್ದೆ. ಕಮೋಡಿನ ಪಕ್ಕ ನಿಂತಳು. ಕೂರಲಿಲ್ಲ. ಕ್ಯಾಮೆರಾದವನು ಬಾಗಿದ. ಅವಳು ಸ್ವಾಹಿಲಿಯಲ್ಲಿ ಕೇಳಿದಳು, "ಇದರೊಳಗೆ ಹೊಯ್ಯಬಹುದಾ?"

ಮೇಡಂ ನಕ್ಕರು. ಬಾಯಲ್ಲಿ ಬಿಸಿ ಬಜ್ಜಿ ಇಟ್ಟುಕೊಂಡಂಥ ಸ್ವಾಹಿಲಿಯಲ್ಲಿ, ಇಲ್ಲ, ಬರೀ ಕೂರುವುದು, ಅಂದರು.

"ಹಾಗಾದ್ರೆ ಎಲ್ಲಿ ಹೊಯ್ಯಲಿ? ಬೆಳಿಗ್ಗೆಯಿಂದ ತಡೆದಿದೀನಿ. ದಿನಾ ತಡೆದಿದೀನಿ. ನಿಮ್ಮ ಪಾಠ ಕೇಳಿ ಕೇಳಿ ನನಗೆ ಕಾಯಿಲೆ ಬಂದಿದೆ. ಕೂರಿಸಿದ್ರೆ ಇದ್ರಲ್ಲೇ ಹೊಯ್ತೀನಿ. ನಿಜವಾದ್ದರ ಬಾಗಿಲು ತೆಗೀರಿ, ಇಲ್ಲಾಂದ್ರೆ ನಾನು ಕೂರಲ್ಲ."

ಸಿಗ್ರಿಡ್ ಕೇಳಿದಳು, ಏನನ್ನುತ್ತಿದ್ದಾಳೆ?

ಮೃಣಾಲಿನಿ ಮೇಡಂ ಹಲ್ಲು ಬಿಟ್ಟು ಇಂಗ್ಲಿಷಿನಲ್ಲಿ ಹೇಳಿದರು, "ಶೀ ಈಸ್ ವೆರಿ ಎಕ್ಸೈಟೆಡ್."

ನನಗೆ ಎಲ್ಲಿತ್ತೋ ಅಷ್ಟೊಂದು ಸಿಟ್ಟು. ಅವ್ವ, ಅವಳ ಅವ್ವ, ಅಷ್ಟೂ ಮಂದಿ ನನ್ನ ಗಂಟಲಲ್ಲಿ ಕೂತಿದ್ದರು. ಚಹಾದ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. "ನೋ ಎಕ್ಸೈಟ್ ಮೇಡಂ!" ಅಂದೆ. ನನ್ನ ಇಂಗ್ಲಿಷು ಅಷ್ಟೇ, ಸಾಕು. "ಯೂರಿನ್! ಶೀ ವಾಂಟ್ ಯೂರಿನ್. ಟಾಯ್ಲೆಟ್ ಲಾಕ್. ಆಲ್ ಲೇಡೀಸ್, ಲಾಕ್. ಕೀ, ಸೀ, ಹಿಯರ್!" ಕೊರಳಿನ ದಾರ ಎಳೆದೆ. ಹರಿದು ಕೈಗೆ ಬಂತು.

"ಕಮಲಾ, ಬಾಯಿ ಮುಚ್ಚು. ಪಾಸ್‌ಪೋರ್ಟ್ ನೆನಪಿರ್ಲಿ" ಅಂದರು ಮೇಡಂ, ಕನ್ನಡದಲ್ಲಿ, ನಗುನಗುತ್ತಾ.

"ಅದನ್ನೂ ಅಲ್ಲೇ ಒಳಗೆ ಹಾಕಿ ನೀರು ಬಿಡಿ" ಅಂದೆ.

ಕಾರಿಡಾರಿಗೆ ಹೋದೆ. ಒಟಿಯೆನೊ ಎದ್ದು ನಿಂತ. ನನ್ನನ್ನು ನೋಡಿದ, ನನ್ನ ಹಿಂದೆ ಬರುತ್ತಿದ್ದ ಬಸುರಿಯನ್ನು ನೋಡಿದ. ತನ್ನ ಕುರ್ಚಿ ತಾನೇ ಎತ್ತಿ ಪಕ್ಕಕ್ಕಿಟ್ಟ. "ಸವಾ" ಅಂದ, ಸರಿ ಅಂತ. ನಾನು ಬೀಗ ತೆಗೆದೆ. 'ಸ್ಟಾಫ್ ಓನ್ಲಿ' ಬೋರ್ಡನ್ನು ಕಿತ್ತೆ, ಅದು ಬರೀ ಅಂಟಿಸಿದ್ದು. ಫುರಾಹಾ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿಂದ ಸದ್ದು ಕೇಳಿತು. ನೋವಿಗೆ ನರಳಿದ್ದೂ ಕೇಳಿತು.

ಅಷ್ಟರಲ್ಲಿ ಕ್ಲಾಸಿನ ಹೆಂಗಸರೆಲ್ಲ ಬಂದು ನಿಂತಿದ್ದರು. ಯಾರೂ ನುಗ್ಗಲಿಲ್ಲ. ಪಾಠದಲ್ಲಿ ಹೇಳಿದ ಹಾಗೆ ಒಬ್ಬರ ಹಿಂದೆ ಒಬ್ಬರು, ಮಧ್ಯೆ ಒಂದು ಕೈ ಅಂತರ. ಕಾಫಿ ಕುಡಿದ ಸಿಗ್ರಿಡ್ ಕೂಡ ಬಂದಳು, ನಡಿಗೆ ಒಂಥರಾ ಇತ್ತು. ಮೇಡಂ ಮುಂದೆ ಓಡಿ, ಸರಿಯಿರಿ ಸರಿಯಿರಿ, ಅತಿಥಿಗಳು ಮೊದಲು, ಅಂತ ಕೈ ಬೀಸಿದರು. ಸಾಲಿನ ಮುಂದಿದ್ದ ಮುದುಕಿಯೊಬ್ಬಳು ಊರುಗೋಲನ್ನು ಅಡ್ಡ ಹಿಡಿದಳು. "ಫೋಲೆನಿ" ಅಂದಳು. ಸಾಲು ಅಂತ ಅರ್ಥ. ಆ ಮಾತನ್ನು ಮೇಡಮ್ಮೇ ದಿನಾ ಹೇಳಿಕೊಡುತ್ತಿದ್ದರು. ಸಿಗ್ರಿಡ್ ಕೆಂಪಾದಳು. ಆದರೆ ನಿಜ ಹೇಳಬೇಕು, ಹೋಗಿ ಸಾಲಿನ ಕೊನೆಯಲ್ಲಿ ನಿಂತಳು, ಕಾಲು ಹೆಣೆದುಕೊಂಡು.

ಅವಳ ಮುಂದೆ ನಾನಿದ್ದೆ. ನನ್ನ ಸರದಿ ಬಂದಾಗ ಒಳಗೆ ಹೋದೆ. ಚಿಲಕ ಹಾಕಿದೆ. ಕೂತೆ. ಲಾಡಿ ಬಿಚ್ಚಿ, ಪಾದ ಕೆಳಗೆ, ಬೆನ್ನು ನೇರ. ಸೀಟು ಬೆಚ್ಚಗಿತ್ತು. ನನಗಿಂತ ಮುಂಚೆ ಕೂತವರೆಲ್ಲರ ಬಿಸಿ ಅದು. ನನಗೆ ಅಳು ಬಂತು, ನಗುವೂ ಬಂತು. ಮೃಣಾಲಿನಿ ಮೇಡಂ ಬಾಗಿಲು ದಬದಬ ಬಡಿದರು.

"ಕಮಲಾ! ಸಿಗ್ರಿಡ್ ಮೇಡಂ ಕಾಯ್ತಿದಾರೆ! ಬಾ ಈಚೆ!"

"ತಟ್ಟಿ ಕಾಯ್ಬೇಕು ಅಂತ ನೀವೇ ಕಲ್ಸಿದ್ದು ಕಣ್ರವ್ವಾ. ಕಾಯ್ರಿ!"

ಸಾವಧಾನವಾಗಿ ಮುಗಿಸಿದೆ. ಗುಂಡಿ ಒತ್ತಿದೆ. ನಿಜವಾದ ನೀರು ಬಂತು.

ಅಂದೇ ಸಂಜೆ ಲಂಗಾಟಾದಲ್ಲಿ ಮೇಡಂ ಅತ್ತರು. ಶೇಷಾದ್ರಿ ಸಾರ್ ಕನ್ನಡಕ ತೆಗೆದು ಕೇಳಿದರು, "ಮನೆಯವಳ ಥರ ನೋಡ್ಕೊಂಡ್ವಲ್ಲ ಕಮಲಾ. ಏನು ಕಡಿಮೆ ಮಾಡಿದ್ವಿ?"

"ಮನೆಯೋರು ಎಲ್ಲಿ ಕೂರ್ತಾರೆ ಸಾರ್?" ಅಂದೆ. ಪಾಸ್‌ಪೋರ್ಟು ಬೀರುವಿನಿಂದ ಬಂದು ಮೇಜಿನ ಮೇಲೆ ಬಿತ್ತು, ಸಾರ್ ಎಸೆದದ್ದು. ಎತ್ತಿಕೊಂಡು, ಚೀಲ ಹೆಗಲಿಗೆ ಹಾಕಿ, ಬಾಡಿಗೆ ವ್ಯಾನು ಮಟಾಟು ಹತ್ತಿದೆ.

ಈಗ ನಾನು ಸೌತ್ ಬಿಯಲ್ಲೇ ಸೆಲೆಸ್ಟಿನ್ ಬಾಯಿಯ ಅಡುಗೆಮನೆಯಲ್ಲಿದ್ದೇನೆ. ಮಂಗಳೂರಿನ ಕೊಂಕಣಿ ಹೆಂಗಸು, ಮದುವೆ ಪಾರ್ಟಿಗಳಿಗೆ ಊಟ ಮಾಡಿ ಕಳಿಸುತ್ತಾಳೆ. ದೇವತೆಯೇನಲ್ಲ, ಕತ್ತೆ ಹಾಗೆ ದುಡಿಸುತ್ತಾಳೆ. ಮೊದಲ ದಿನವೇ ಕೇಳಿದೆ, ನಾನು ಯಾವ ಕಕ್ಕಸಿಗೆ ಹೋಗಬೇಕು ಅಂತ. ಅವಳು ಸೌಟು ಹಿಡಿದು ಬೆಪ್ಪಾಗಿ ನೋಡಿದಳು. "ಅಲ್ಲಿ ಉಂಟಲ್ಲ ಮಾರಾಯ್ತಿ. ಹೋಗು. ಇದನ್ನೆಲ್ಲ ಯಾರಾದ್ರೂ ಕೇಳ್ತಾರಾ?"

ಫುರಾಹಾ ವಿಮಾನ ಹತ್ತಲಿಲ್ಲ. ವಾರಗಟ್ಟಲೆ ಮುಚ್ಚಿಟ್ಟ ಬಾಗಿಲನ್ನು ಒಂದು ದಿನ ತೆಗೆದರೆ ಸಾಕಾಗುತ್ತದಾ? ಸೋಂಕು ಅಷ್ಟರಲ್ಲಿ ಮೇಲೇರಿತ್ತು. ಪರೀಕ್ಷೆ ಮಾಡಿದ ಡಾಕ್ಟರು ಜ್ವರ ನೋಡಿ, ಪ್ರಯಾಣಕ್ಕೆ ಯೋಗ್ಯಳಲ್ಲ ಅಂದುಬಿಟ್ಟ. ಮಗು ನೈರೋಬಿಯಲ್ಲೇ ಹುಟ್ಟಿತು. ಹೊಸ ಫೈಲು, ಸಾಲಿನ ಕೊನೆ. ನಾನು ಆಸ್ಪತ್ರೆಯಲ್ಲಿ ಆ ಕೂಸನ್ನು ಎತ್ತಿಕೊಂಡು ಬೀಗ ಹಾಕಿದವರ ಏಳು ತಲೆಮಾರಿಗೂ ಮೈಸೂರು ಭಾಷೆಯಲ್ಲಿ ಬೈದೆ. ಫುರಾಹಾ ಮಲಗಿದಲ್ಲಿಂದಲೇ ತನಗೆ ಗೊತ್ತಿದ್ದ ಪದಗಳನ್ನು ಸೇರಿಸಿದಳು. ಆ ದೇಶದ ವರದಿಯಲ್ಲಿ ಮಾತ್ರ ನಮ್ಮ ಫ್ಯಾಮಿಲಿ ಫೋಟೋ ಬಂತು. ಕಕ್ಕಸಿನ ಮುಂದೆ ನಿಂತ ಹೆಂಗಸರು, ಕೊನೆಯಲ್ಲಿ ಹಲ್ಲು ಕಚ್ಚಿ ನಗುವ ಸಿಗ್ರಿಡ್. ಕೆಳಗೆ ಬರೆದಿದ್ದರು: ಸಾಲಿನ ಶಿಸ್ತು ಕಲಿಯುತ್ತಿರುವ ನಿರಾಶ್ರಿತರು.

ಕೂಸು ನೀಮಾಳಿಗೆ ಹಲ್ಲು ಬಂದ ಮೇಲೆ ಫುರಾಹಾಗೆ ಮತ್ತೆ ಕರೆ ಬಂತು. ಹಳೆಯ ಪಾಠ ನಡೆಯುವುದಿಲ್ಲವಂತೆ, ಮೊದಲಿಂದ ಕೇಳಬೇಕಂತೆ. ಬೆಲ್ಟು, ಫೋರ್ಕು, ಬಾಗಿಲು, ಕಮೋಡು. ಮೊನ್ನೆ ಭಾನುವಾರ ಚರ್ಚು ಮುಗಿಸಿ ಅವಳು ಸೆಲೆಸ್ಟಿನ್ ಬಾಯಿಯ ಅಡುಗೆಮನೆಗೆ ಬಂದಳು. ನೀಮಾ ನನ್ನ ತೊಡೆ ಮೇಲೆ. ಫುರಾಹಾ ನಿಂತುಕೊಂಡೇ ಎಲ್ಲವನ್ನೂ ಅಭಿನಯಿಸಿ ಹೇಳಿದಳು.

ಕಾರಿಡಾರಿನ ಬಾಗಿಲಿಗೆ ಈಗ ನಂಬರು ಒತ್ತುವ ಬೀಗ ಹಾಕಿದ್ದಾರಂತೆ. 'ಸ್ಟಾಫ್ ಓನ್ಲಿ' ಬೋರ್ಡನ್ನು ಮೊಳೆ ಹೊಡೆದು ಕೂರಿಸಿದ್ದಾರಂತೆ. ತೋರಿಸಲು ನಾನಿಲ್ಲವಲ್ಲ, ಮೇಡಂ ಕ್ಲಾಸಿನ ಕಡೆ ನೋಡಿ, ಯಾರು ಬಂದು ಕೂರುತ್ತೀರಿ, ಅಂದರಂತೆ. ಫುರಾಹಾ ಕೈ ಎತ್ತಿದಳು. ಮಗುವನ್ನು ಎತ್ತಿಕೊಂಡು ವೇದಿಕೆ ಹತ್ತಿದಳು. ಮೇಡಂ ಖುಷಿಯಾದರು, ಹಳೆಯದೆಲ್ಲ ಮರೆತಿದ್ದಾಳೆ ಅಂದುಕೊಂಡರೋ ಏನೋ. ಫುರಾಹಾ ಕೂರಲಿಲ್ಲ. ನೀಮಾಳ ಚಡ್ಡಿ ಬಿಚ್ಚಿ, ಎರಡು ತೊಡೆ ಹಿಡಿದು, ಕಮೋಡಿನ ಮೇಲೆ ತೂಗಿಹಿಡಿದು, "ಸ್ಸ್... ಸ್ಸ್..." ಅಂದಳು. ನಮ್ಮವ್ವ ನನಗೆ ಮಾಡುತ್ತಿದ್ದದ್ದೂ ಅದೇ ಸದ್ದು.

ಫೈಲಿನಲ್ಲಿ ಹೆಸರಿಲ್ಲದೆ ಹುಟ್ಟಿದ ಆ ಮಗು ಧಾರಾಳವಾಗಿ ಹೊಯ್ದಿತು. ಪೈಪಿಲ್ಲದ ಕಮೋಡು ಎಷ್ಟು ಹೊತ್ತು ಹಿಡಿದುಕೊಳ್ಳುತ್ತದೆ? ಬುಡದಿಂದ ಇಳಿದು, ಹಲಗೆ ಮೇಲೆ ಹರಿದು, ವೇದಿಕೆಯ ಅಂಚಿನಿಂದ ಮೃಣಾಲಿನಿ ಮೇಡಂ ಅವರ ಚಪ್ಪಲಿಯ ಮೇಲೆ ತೊಟ್ಟಿಕ್ಕಿತಂತೆ. ಫುರಾಹಾ ಮಗುವಿನ ಚಡ್ಡಿ ಏರಿಸುತ್ತಾ ಹೇಳಿದಳಂತೆ, "ಇವಳು ಪಾಠ ಸರಿಯಾಗಿ ಕಲಿತಿದಾಳೆ. ಪಾಸು ಅಂತ ಬರ್ಕೊಳ್ಳಿ."

ಈ ಸಲವಾದರೂ ಅವಳನ್ನು ಕಳಿಸುತ್ತಾರಾ? ಗೊತ್ತಿಲ್ಲ. ನನಗೆ ಬೇಕಾದದ್ದು ಇನ್ನೊಂದಿತ್ತು. ನಗು ತಡೆದು ಕೇಳಿದೆ, "ಆಮೇಲೆ? ಅದನ್ನ ತೊಳೆದೋರು ಯಾರೇ?"

ಫುರಾಹಾ ಎರಡು ಕೈಯಲ್ಲೂ ಇಲ್ಲದ ರೇಷ್ಮೆ ಸೀರೆಯ ನೆರಿಗೆ ಎತ್ತಿ, ಸೊಂಟಕ್ಕೆ ಸಿಕ್ಕಿಸಿ, ಮೂಗು ಮುಚ್ಚಿಕೊಂಡು, ನನ್ನೆದುರು ಕುಕ್ಕರುಗಾಲಲ್ಲಿ ಕೂತು ನೆಲ ಒರೆಸಿ ತೋರಿಸಿದಳು.